ಬೋರ್ಡು ಅವರದ್ದು, ದುಡ್ಡು ನಮ್ಮದು

ಬೆಂಗಳೂರಿನ ಬಿಟಿಎಂ ಲೇಔಟ್, ಜಯನಗರ, ಜೆಪಿ ನಗರ, ಬನಶಂಕರಿ ಕಡೆ ಅಂಗಡಿ ಇಡಲು ಹೊರಡುವ ನಮ್ಮ ಹುಡುಗರ ಕಣ್ಣು ಈಗ ಫ್ರಾಂಚೈಸಿಯ ಮೇಲೆ ಬಿದ್ದಿದೆ. ಹೆಸರಿರುವ ಕಂಪೆನಿಯ ಬೋರ್ಡು ಹಾಕಿ ಕೂತರೆ ಗಿರಾಕಿ ತಾನಾಗಿಯೇ ಬರುತ್ತಾನೆ ಎಂಬ ಲೆಕ್ಕ. ಗಲ್ಫ್‌ನಲ್ಲಿ ದುಡಿದು ಉಳಿಸಿದ ಹಣ, ಅದು ಸಾಲದಿದ್ದರೆ ಮನೆಯವರ ಚಿನ್ನ, ಎಲ್ಲವೂ ಅದಕ್ಕೇ ಹೋಗುತ್ತದೆ. ಅಗ್ರಿಮೆಂಟನ್ನು ವಕೀಲರಿಗೆ ತೋರಿಸಿದ್ದೀರಾ ಎಂದರೆ, "ಅದೆಲ್ಲ ಯಾಕೆ, ಪರಿಚಯದವರೇ ಅಲ್ವಾ" ಅನ್ನುತ್ತೇವೆ.

ನಾವು ಮೊದಲು ತಿಳಿಯಬೇಕಾದದ್ದು ಇಷ್ಟು: ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಕರ್ನಾಟಕದಲ್ಲೂ ಇಲ್ಲ, ಕೇಂದ್ರದಲ್ಲೂ ಇಲ್ಲ. ಅಮೆರಿಕದಲ್ಲಿ ಕಂಪೆನಿಯು ತನ್ನ ಖರ್ಚುವೆಚ್ಚ, ಕೋರ್ಟು ಕೇಸುಗಳ ವಿವರವನ್ನು ಸಹಿಗೆ ಕನಿಷ್ಠ 14 ದಿನ ಮೊದಲು ಬರಹದಲ್ಲಿ ಕೊಡಬೇಕು. ಕ್ಯಾಲಿಫೋರ್ನಿಯದಂಥ ರಾಜ್ಯಗಳು ಇನ್ನೂ ಬಿಗಿ. ನಮ್ಮಲ್ಲಿ ಅಂಥ ನಿಯಮವಿಲ್ಲ. ಇಲ್ಲಿ ಮುಖ್ಯ ಆಧಾರ 1872ರ ಕರಾರು ಕಾಯ್ದೆ. ಅಂದರೆ ಕಾಗದದಲ್ಲಿ ಬರೆದದ್ದೇ ಹೆಚ್ಚುಕಡಿಮೆ ನಮ್ಮ ಪಾಲಿನ ಕಾನೂನು. ಆ ಕಾಗದ ಬರೆಯುವುದು ಸಾಮಾನ್ಯವಾಗಿ ಕಂಪೆನಿಯ ವಕೀಲರು.

ಹಾಗಾಗಿ ನಮ್ಮ ಕಡೆಯಿಂದಲೂ ಒಬ್ಬ ವಕೀಲರು ಅದನ್ನು ಓದಬೇಕು. ರಾಯಲ್ಟಿ ಲಾಭದ ಮೇಲೋ, ಮಾರಾಟದ ಮೇಲೋ? ಮಾರಾಟದ ಮೇಲಾದರೆ ನಷ್ಟದ ತಿಂಗಳಲ್ಲೂ ಕಟ್ಟಬೇಕು. ಹೆಸರಿನ ಟ್ರೇಡ್‌ಮಾರ್ಕ್ ನಿಜಕ್ಕೂ ಅವರದ್ದೇ? ಫ್ರಾಂಚೈಸಿ ಐದು ವರ್ಷಕ್ಕಿದ್ದು ಕಟ್ಟಡದ ಬಾಡಿಗೆ ಕರಾರು ಮೂರೇ ವರ್ಷಕ್ಕಿದ್ದರೆ ಉಳಿದೆರಡು ವರ್ಷ ಅಂಗಡಿ ಎಲ್ಲಿ? ಜಗಳವಾದರೆ ಆರ್ಬಿಟ್ರೇಷನ್ ದೆಹಲಿಯಲ್ಲಿ ಎಂದು ಬರೆದಿದ್ದರೆ, ಬನಶಂಕರಿಯ ಅಂಗಡಿಯವನು ದೆಹಲಿಗೇ ಓಡಬೇಕು. ಸ್ಟಾಂಪ್ ಡ್ಯೂಟಿ ಕಡಿಮೆ ಕಟ್ಟಿದ ಕಾಗದವನ್ನು ಕೋರ್ಟು ಸಾಕ್ಷ್ಯವಾಗಿ ತೆಗೆದುಕೊಳ್ಳಬೇಕಾದರೆ, 1957ರ ಕರ್ನಾಟಕ ಸ್ಟಾಂಪ್ ಕಾಯ್ದೆಯ ಪ್ರಕಾರ ಬಾಕಿ ಮೊತ್ತದ ಜೊತೆ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಬೇಕಾದೀತು.

ಬಿಟ್ಟುಬಂದ ಮೇಲೆ ಅದೇ ವ್ಯಾಪಾರ ಮಾಡಬಾರದು ಎಂಬ ಷರತ್ತಿಗೆ ಹೆದರುವವರಿದ್ದಾರೆ. ಕರಾರು ಕಾಯ್ದೆಯ ಸೆಕ್ಷನ್ 27 ವ್ಯಾಪಾರ ತಡೆಯುವ ಒಪ್ಪಂದವನ್ನು ಒಪ್ಪುವುದಿಲ್ಲ. ಆದರೆ ಕರಾರು ನಡೆಯುತ್ತಿರುವಾಗ ಇನ್ನೊಬ್ಬರ ಮಾಲು ಮಾರಬಾರದು ಎಂಬ ಷರತ್ತು ನಿಲ್ಲುತ್ತದೆ. ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ ಹೇಳಿದ್ದು ಅದನ್ನೇ.

'ಫ್ರಾಂಚೈಸಿ ವಕೀಲ' ಎಂಬ ಬೇರೆ ಪದವಿ ನಮ್ಮಲ್ಲಿಲ್ಲ. ವಾಣಿಜ್ಯ ಕರಾರುಗಳ ಕೆಲಸ ಮಾಡಿ ಅನುಭವ ಇರುವವರನ್ನು ಹುಡುಕಬೇಕು. ಇಂಥ ಎಷ್ಟು ಕರಾರು ನೋಡಿದ್ದೀರಿ, ಶುಲ್ಕ ಎಷ್ಟು ಎಂದು ಮೊದಲೇ ಕೇಳುವುದರಲ್ಲಿ ನಾಚಿಕೆ ಬೇಡ. ಗೆದ್ದರೆ ಇಷ್ಟು ಪಾಲು ಎಂಬ ಮಾತಿಗೆ ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲ. ಕಂಪೆನಿಯವರೇ ತೋರಿಸಿದ ವಕೀಲರಂತೂ ಬೇಡವೇ ಬೇಡ.

ಈಗಾಗಲೇ ಸಹಿ ಹಾಕಿ ಸಿಕ್ಕಿಬಿದ್ದವರಿಗೂ ದಾರಿಯಿದೆ. ಆರ್ಬಿಟ್ರೇಷನ್ ಷರತ್ತು ಇಲ್ಲದಿದ್ದರೆ, 3 ಲಕ್ಷ ರೂಪಾಯಿ ಮತ್ತು ಮೇಲ್ಪಟ್ಟ ಫ್ರಾಂಚೈಸಿ ವಿವಾದ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ ದಾವೆಗೆ ಮೊದಲು ರಾಜಿ ಸಂಧಾನ ಕಡ್ಡಾಯ. ಅದರಲ್ಲೇ ಮುಗಿದರೆ ಇಬ್ಬರಿಗೂ ಲಾಭ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಸಿಗುತ್ತದೆ.

ಅಂಗಡಿಯ ಗಾಜು, ಬಣ್ಣ, ಲೈಟಿಗೆ ಲಕ್ಷಗಟ್ಟಲೆ ಸುರಿಯುವ ನಾವು ವಕೀಲರ ಶುಲ್ಕದಲ್ಲಿ ಚೌಕಾಸಿ ಮಾಡುವುದು ಬೇಡ. ಅಡ್ವಾನ್ಸ್ ಕೊಡುವ ಮೊದಲು ಕರಡು ಪ್ರತಿ ಕೇಳಿ, ಮನೆಗೆ ತಂದು ಓದೋಣ, ಓದಿಸೋಣ. ಪ್ರತಿ ಕೊಡಲು ಒಪ್ಪದವರಿಗೆ ದೂರದಿಂದಲೇ ಸಲಾಂ ಹೇಳುವುದು ಒಳ್ಳೆಯದು.