ಒಂದು ರಾತ್ರಿಯ ಕಥೆಗೆ ಒಂದು ಕೋಟಿ ಎಂಟು ಲಕ್ಷ ಗಡುವು

ಜನಪದ ಕಥೆಗಾಯಕರಾದ ನೀಲಗಾರರು ತಂಬೂರಿ ಮೀಟಿ ಸಂತ ಮಂಟೇಸ್ವಾಮಿಯ ಕಥೆ ಎತ್ತಿಕೊಂಡರೆ ಬೆಳಗಿನ ಜಾವದವರೆಗೂ ಹಾಡಬಲ್ಲರು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಆ ಪರಂಪರೆಯ ದೊಡ್ಡ ನೆಲೆ. ಅಂಥ ಒಂದು ರಾತ್ರಿ ಎಂಟು ಗಂಟೆಯದು ಎಂದಿಟ್ಟುಕೊಂಡು ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿದರೆ ಎಷ್ಟು ಅಂಕಿಗಳಾಗುತ್ತವೆ? ಮೈಕಿಗೆ ಬಂದ ದನಿಯನ್ನು ಯಂತ್ರ ಸೆಕೆಂಡಿಗೆ 48,000 ಸಲ ಅಳೆಯುತ್ತದೆ. ಒಂದೊಂದು ಅಳತೆಯೂ ಒಂದೊಂದು ಸ್ಯಾಂಪಲ್. ಎಂಟು ಗಂಟೆಗೆ, ಒಂದೇ ಮೈಕಿಗೆ, 138 ಕೋಟಿ 24 ಲಕ್ಷ ಸ್ಯಾಂಪಲ್. ಕಥೆಗಾರನ ದನಿ, ತಂಬೂರಿ, ಗಗ್ಗರ, ತಾಳ, ದಮ್ಮಡಿ, ಹಿಮ್ಮೇಳ ಎಂದು ಎಂಟು ಮೈಕ್ ಇಟ್ಟರೆ 1,105 ಕೋಟಿ 92 ಲಕ್ಷ.

ಇಷ್ಟನ್ನು ತುಂಬಿಡುವುದು ಈಗ ಏನೂ ಕಷ್ಟವಲ್ಲ. 24 ಬಿಟ್ ಗುಣಮಟ್ಟದಲ್ಲಿ ಇಡೀ ರಾತ್ರಿ ಸುಮಾರು 33 ಗಿಗಾಬೈಟ್. ಉಗುರಿನಗಲದ ಕಾರ್ಡಿನಲ್ಲಿ ಹಿಡಿಸುತ್ತದೆ. ಬೆರಗು ಶುರುವಾಗುವುದು ಆ ದನಿಗಳನ್ನು ಕೇಳುತ್ತಲೇ ತಿದ್ದಲು, ಬೆರೆಸಲು ಕುಳಿತಾಗ.

ಸಂಗೀತದ ಸಾಫ್ಟ್‌ವೇರ್ ಸ್ಯಾಂಪಲ್‌ಗಳನ್ನು ಒಂದೊಂದಾಗಿ ನುಂಗುವುದಿಲ್ಲ, ಕಂತುಕಂತಾಗಿ ತೆಗೆದುಕೊಳ್ಳುತ್ತದೆ. ಆ ಕಂತಿಗೆ ಬಫರ್ ಎನ್ನುತ್ತಾರೆ. 128 ಸ್ಯಾಂಪಲ್‌ನ ಬಫರ್ ಇಟ್ಟರೆ ಸೆಕೆಂಡಿಗೆ 375 ಕಂತು. ಒಂದೊಂದಕ್ಕೂ ಸಿಗುವ ಕಾಲ 2.67 ಮಿಲಿಸೆಕೆಂಡ್. ಅಷ್ಟರಲ್ಲಿ ಗಾಳಿಯಲ್ಲಿ ಸದ್ದು ಸಾಗುವುದು ಒಂದು ಮೀಟರಿಗೂ ಕಡಿಮೆ, ಸುಮಾರು 91 ಸೆಂಟಿಮೀಟರ್. ಅದೇ ಅವಧಿಯಲ್ಲಿ 3 ಗಿಗಾಹರ್ಟ್ಸ್‌ನ ಪ್ರೊಸೆಸರ್ ಕೋರ್ 80 ಲಕ್ಷ ಸಲ ಮಿಡಿಯುತ್ತದೆ. ಎಲ್ಲ ಲೆಕ್ಕವೂ ಈ 80 ಲಕ್ಷ ಮಿಡಿತದೊಳಗೆ ಮುಗಿಯಬೇಕು. ತಡವಾದ ಉತ್ತರಕ್ಕೆ ಇಲ್ಲಿ ಬೆಲೆಯಿಲ್ಲ. ವೆಬ್ ಪುಟ ಅರ್ಧ ಸೆಕೆಂಡ್ ನಿಧಾನವಾಗಿ ತೆರೆದರೂ ಪುಟವೇನೂ ಕೆಡುವುದಿಲ್ಲ. ಧ್ವನಿಯ ಒಂದು ಕಂತು ತಪ್ಪಿದರೆ ಸ್ಪೀಕರಿನಲ್ಲಿ ಟಕ್ ಎಂಬ ಸದ್ದು ಕೇಳಿಯೇ ಕೇಳುತ್ತದೆ. ಎಂಟು ಗಂಟೆಯ ರಾತ್ರಿಗೆ ಇಂಥ ಗಡುವುಗಳು 1,08,00,000. ಅಷ್ಟರಲ್ಲಿ ಒಂದನ್ನೂ ತಪ್ಪಿಸುವಂತಿಲ್ಲ.

ಈ 80 ಲಕ್ಷ ಕೇಳುವುದಕ್ಕೆ ದೊಡ್ಡ ನಿಧಿ. ಖರ್ಚು ಶುರುವಾದ ಮೇಲೆ ನೋಡಿ. ಕೋರಸ್, ಕೀಬೋರ್ಡ್, ತಮಟೆ, ಎರಡನೇ ದನಿ ಎಲ್ಲ ಸೇರಿಸಿದ ಜಾನಪದ ಆಲ್ಬಮ್‌ನಲ್ಲಿ 60 ಟ್ರ್ಯಾಕ್ ಆಗುವುದು ಸಾಮಾನ್ಯ. ದನಿ ತಿದ್ದುವ ಪುಟ್ಟ ಸಾಫ್ಟ್‌ವೇರ್‌ಗೆ ಪ್ಲಗಿನ್ ಎನ್ನುತ್ತಾರೆ; ಟ್ರ್ಯಾಕಿಗೆ ಐದು ಎಂದರೆ 300 ಪ್ಲಗಿನ್. ಎಲ್ಲವೂ ಒಂದೇ ಕೋರ್ ಮೇಲೆ ಬಿದ್ದರೆ ಒಂದೊಂದರ ಪಾಲಿಗೆ ಸುಮಾರು 26,667 ಮಿಡಿತ, ಅಂದರೆ ಒಂದು ಸ್ಯಾಂಪಲ್‌ಗೆ 208. ಬೇಕಾದ ಅಂಕಿ ಕೋರ್‌ನ ಪಕ್ಕದ ಕ್ಯಾಶ್‌ನಲ್ಲಿ ಇಲ್ಲದೆ, ಅದನ್ನು ಮುಖ್ಯ ಮೆಮೊರಿಯಿಂದ ತರಿಸಬೇಕಾಗಿ ಬಂದರೆ ಆ ಒಂದು ಓಡಾಟಕ್ಕೇ 200ರಿಂದ 300 ಮಿಡಿತ ಕರಗುತ್ತದೆ. ಮಂಡ್ಯದ ಯಾವುದೋ ಮನೆಯ ಕೋಣೆಯಲ್ಲಿ ಸಾಧಾರಣ ಲ್ಯಾಪ್‌ಟಾಪ್ ಇದನ್ನು ಸದ್ದಿಲ್ಲದೆ ನಿಭಾಯಿಸುತ್ತದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಹೊಸದಾಗಿಯೇ ಅಚ್ಚರಿಯಾಗುತ್ತದೆ.

ಅದನ್ನು ನಿಭಾಯಿಸಲು ಒಂದು ಕೋರ್ ಸಾಲದು. 2004ರ ಹೊತ್ತಿಗೆ ಇಂಟೆಲ್‌ನ ಪೆಂಟಿಯಮ್ 4 ಪ್ರೊಸೆಸರ್ 3.8 ಗಿಗಾಹರ್ಟ್ಸ್ ಮುಟ್ಟಿತ್ತು. 4ಕ್ಕೆ ಏರಿಸುವ ಯೋಜನೆಯನ್ನು ಕಂಪನಿ ಅದೇ ವರ್ಷ ಕೈಬಿಟ್ಟಿತು. ವೇಗ ಹೆಚ್ಚಿದಂತೆ ಬಿಸಿ ತಾಳಲಾರದಷ್ಟಾಗಿತ್ತು. 2005ರಲ್ಲಿ ಇಂಟೆಲ್, ಎಎಂಡಿ ಎರಡೂ ಎರಡು ಕೋರ್‌ಗಳ ಡೆಸ್ಕ್‌ಟಾಪ್ ಪ್ರೊಸೆಸರ್ ತಂದವು. ಈಗ ಎಂಟು, ಹದಿನಾರು ಕೋರ್ ಅಂಗಡಿಯ ಮಾಮೂಲಿ ಸರಕು. 2020ರಲ್ಲಿ ಎಎಂಡಿ 64 ಕೋರ್‌ಗಳ ಥ್ರೆಡ್‌ರಿಪ್ಪರ್ ಅನ್ನೇ ಮಾರುಕಟ್ಟೆಗೆ ಬಿಟ್ಟಿತು. ಹಾಗಾದರೆ 64 ಪಟ್ಟು ಪ್ಲಗಿನ್ ಹಾಕಬಹುದೇ? ಆಗದು. ಯಾಕೆಂಬುದಕ್ಕೆ ಒಂದು ನಾಲೆಯ ಹೋಲಿಕೆ ಸಾಕು.

ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಸುರಂಗ ದಾಟಿದ ಮೇಲೆ ಕವಲೊಡೆದು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಗದ್ದೆಗಳಿಗೆ ಹರಿಯುತ್ತದೆ. ಮುಂದೆ ಕವಲುಗಳು ಎಷ್ಟೇ ಇರಲಿ, ಅವಕ್ಕೆ ಹೋಗುವ ನೀರೆಲ್ಲ ಆ ಒಂದು ಸುರಂಗದಲ್ಲೇ ಹಾಯಬೇಕು. ಹಾಡು ಬೆರೆಸುವ ದಾರಿ ಇದನ್ನೇ ಹಿಂದುಮುಂದಾಗಿಸಿದಂತೆ: ಕವಲುಗಳು ಮೊದಲು, ಸುರಂಗ ಕೊನೆಗೆ. ತಾಳದ ಟ್ರ್ಯಾಕಿಗೂ ತಂಬೂರಿಯ ಟ್ರ್ಯಾಕಿಗೂ ಒಂದರ ಹಂಗು ಇನ್ನೊಂದಕ್ಕಿಲ್ಲ, ಆದ್ದರಿಂದ ಬೇರೆ ಬೇರೆ ಕೋರ್‌ಗಳು ಏಕಕಾಲಕ್ಕೆ ಅವುಗಳ ಲೆಕ್ಕ ಮಾಡಬಲ್ಲವು. ಎಲ್ಲ ಟ್ರ್ಯಾಕ್‌ಗಳೂ ಬಂದು ಸೇರುವ ಮಾಸ್ಟರ್ ಮಾತ್ರ ಒಂದೇ. ಕೊನೆಯ ಟ್ರ್ಯಾಕ್ ಬರುವವರೆಗೆ ಅದು ಕಾಯಬೇಕು. ಅದು ಕೆಲಸ ಮಾಡುವಾಗ ಉಳಿದ ಕೋರ್‌ಗಳು ಸುಮ್ಮನೆ ಕೂರಬೇಕು.

ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಇದಕ್ಕೊಂದು ಸೂತ್ರದ ದಾರಿ ತೋರಿಸಿದ್ದರು. ಕೆಲಸದಲ್ಲಿ ನೂರಕ್ಕೆ ಹತ್ತು ಪಾಲು ಹಂಚಲಾಗದ್ದು ಎನ್ನಿ. 16 ಕೋರ್‌ಗಳಿಂದ ಸಿಗುವ ಲಾಭ 6.4 ಪಟ್ಟು. 64 ಕೋರ್‌ಗಳಿಂದ 8.8 ಪಟ್ಟು. ಕೋಟಿ ಕೋರ್ ಹಾಕಿದರೂ ಹತ್ತನ್ನು ಮುಟ್ಟುವುದಿಲ್ಲ. ಸಂಗೀತಕ್ಕೆಂದು ಕಂಪ್ಯೂಟರ್ ಕೊಳ್ಳುವವರು ಕೋರ್‌ಗಳ ಸಂಖ್ಯೆಗಿಂತ ಮೊದಲು ಒಂದು ಕೋರ್‌ನ ಚುರುಕನ್ನು ನೋಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಒಂದು ಟ್ರ್ಯಾಕಿನ ಒಳಗೂ ಸಾಮಾನ್ಯವಾಗಿ ಹಂಚಿಕೆ ನಡೆಯುವುದಿಲ್ಲ. ಹಳ್ಳಿಯಲ್ಲಿ ಧ್ವನಿಮುದ್ರಿಸಿದರೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಮೈಕಿನೊಳಕ್ಕೆ ನುಸುಳುತ್ತದೆ. ಅದರ ಒಂದು ಸುತ್ತಿಗೆ 960 ಸ್ಯಾಂಪಲ್. ಅದನ್ನು ತೆಗೆಯುವ ಫಿಲ್ಟರ್ ಪ್ರತಿ ಸ್ಯಾಂಪಲ್‌ನ ಲೆಕ್ಕಕ್ಕೂ ತಾನೇ ಹಿಂದೆ ಕೊಟ್ಟ ಉತ್ತರಗಳನ್ನು ಬಳಸುತ್ತದೆ. ಹಿಂದಿನ ಉತ್ತರ ಬಾರದೆ ಮುಂದಿನ ಲೆಕ್ಕ ಶುರುವಾಗದು. ಒಂದು ದನಿಯ 138 ಕೋಟಿ ಹೆಜ್ಜೆಗಳೂ ಒಂದರ ಹಿಂದೆ ಒಂದಾಗಿಯೇ ನಡೆಯಬೇಕು. ಫಿಲ್ಟರ್ ಆದ ಮೇಲೆ ಕಂಪ್ರೆಸರ್, ಅದಾದ ಮೇಲೆ ಈಕ್ವಲೈಸರ್. ಆ ಸರಪಳಿಯೂ ಹಾಗೆಯೇ.

ಕಾರ್ಯಭಾರದ ಮೀಟರ್ ಶೇಕಡಾ 30 ತೋರಿಸುತ್ತಿದ್ದರೂ ಹಾಡು ಟಕ್‌ಟಕ್ ಎನ್ನುವುದೇಕೆ ಎಂದು ಎಷ್ಟೋ ಹುಡುಗರು ತಲೆಕೆಡಿಸಿಕೊಳ್ಳುತ್ತಾರೆ. ಮೀಟರ್ ಹೇಳುವುದು ಎಲ್ಲ ಕೋರ್‌ಗಳ ಸರಾಸರಿ. ಕಥೆಗಾರನ ದನಿಗೆ ಹನ್ನೆರಡು ಭಾರವಾದ ಪ್ಲಗಿನ್‌ಗಳ ಸರಪಳಿ ಹಾಕಿದ್ದರೆ, ಅದನ್ನು ಹೊತ್ತ ಒಂದು ಕೋರ್ ಏದುಸಿರು ಬಿಡುತ್ತಿರುತ್ತದೆ, ಎಂಟು ಕೋರ್‌ನ ಯಂತ್ರದಲ್ಲಿ ಉಳಿದ ಏಳು ಬಿಡುವಾಗಿರುತ್ತವೆ. ಆ ದನಿಯನ್ನು ಒಮ್ಮೆ ಲೆಕ್ಕ ಹಾಕಿಸಿ ಫ್ರೀಜ್ ಮಾಡಿದರೆ, ಹೊಸ ಯಂತ್ರ ಕೊಳ್ಳದೆಯೇ ಕಾಯಿಲೆ ವಾಸಿ.

ಆಗಲೇ ಮುದ್ರಿತವಾದ ಟ್ರ್ಯಾಕ್‌ಗಳಿಗೆ ಇನ್ನೊಂದು ಉಪಾಯವಿದೆ. ಮುಂದೆ ಏನು ಬರುತ್ತದೆಂದು ಡಿಸ್ಕಿನಲ್ಲೇ ಇರುವುದರಿಂದ ಸಾಫ್ಟ್‌ವೇರ್ ಮುಂಚಿತವಾಗಿ ಲೆಕ್ಕ ಮಾಡಿಟ್ಟುಕೊಳ್ಳಬಹುದು. ರೀಪರ್ ಎಂಬ ಸಾಫ್ಟ್‌ವೇರ್ ಸಾಮಾನ್ಯವಾಗಿ 200 ಮಿಲಿಸೆಕೆಂಡ್, ಅಂದರೆ 75 ಕಂತುಗಳಷ್ಟು, ಮುಂದೆ ಓಡಿರುತ್ತದೆ. ಕ್ಯೂಬೇಸ್‌ನಲ್ಲಿ ಆಸಿಯೋ ಗಾರ್ಡ್ ಎಂಬ ಸೌಲಭ್ಯ ಇದೇ ಬಗೆಯ ಕೆಲಸ ಮಾಡುತ್ತದೆ. ಬಿಡುವಾದ ಕೋರ್‌ಗಳಿಗೆ ಆಗ ಕೈತುಂಬ ಕೆಲಸ. ಆದರೆ ಗಾಯಕ ಈಗ ಹಾಡುತ್ತಿದ್ದಾನೆ, ತನ್ನ ದನಿಯನ್ನು ಹೆಡ್‌ಫೋನಿನಲ್ಲಿ ಕೇಳುತ್ತಿದ್ದಾನೆ ಎಂದಾದರೆ ಮುಂದೋಡಲು ಜಾಗವೇ ಇಲ್ಲ. ಇನ್ನೂ ಹಾಡದ ಸ್ವರವನ್ನು ಯಾವ ಕೋರೂ ಲೆಕ್ಕ ಹಾಕಲಾರದು. ಬಫರ್ ಹಿಗ್ಗಿಸಿ 1,024ಕ್ಕೆ ಇಟ್ಟರೆ ಒಳಬರುವ, ಹೊರಹೋಗುವ ಕಂತು ಸೇರಿ 42.7 ಮಿಲಿಸೆಕೆಂಡ್ ತಡ. ಹದಿನಾಲ್ಕೂವರೆ ಮೀಟರ್ ದೂರದಿಂದ ತನ್ನದೇ ದನಿ ಕೇಳುತ್ತಾ ತಾಳ ಹಾಕು ಎಂದಂತಾಯಿತು. 128ರಲ್ಲಿ ಆ ದೂರ ಎರಡು ಮೀಟರಿಗೂ ಕಡಿಮೆ. ಪಕ್ಕದಲ್ಲಿ ಕುಳಿತ ಹಿಮ್ಮೇಳದವನಷ್ಟು ಹತ್ತಿರ.

ಲೆಕ್ಕದ ಅಗಾಧತೆ ಪೂರ್ತಿ ಕಾಣುವುದು ಅನುರಣನದಲ್ಲಿ, ರಿವರ್ಬ್ ಎನ್ನುತ್ತಾರಲ್ಲ ಅದರಲ್ಲಿ. ದೊಡ್ಡ ಕಲ್ಲುಮಂಟಪದಲ್ಲಿ ಒಂದು ಚಪ್ಪಾಳೆ ತಟ್ಟಿ, ಅದು ಆರುವವರೆಗೆ ಮುದ್ರಿಸಿಕೊಂಡರೆ ಆ ಮಂಟಪದ ಧ್ವನಿಗುಣವೇ ಕಂಪ್ಯೂಟರಿಗೆ ಸಿಕ್ಕಂತೆ. ಆಮೇಲೆ ಯಾವ ದನಿಯನ್ನಾದರೂ ಅದರೊಳಗೆ ಹಾಡಿಸಬಹುದು. ಮೂರು ಸೆಕೆಂಡಿನ ಅನುರಣನ ಎಂದರೆ 1,44,000 ಸ್ಯಾಂಪಲ್. ದನಿಯ ಪ್ರತಿಯೊಂದು ಸ್ಯಾಂಪಲ್ ಅನ್ನೂ ಅಷ್ಟರಿಂದಲೂ ಗುಣಿಸಬೇಕು. ಸೆಕೆಂಡಿಗೆ 691 ಕೋಟಿ 20 ಲಕ್ಷ ಗುಣಾಕಾರ! ಎಡ, ಬಲ ಎರಡೂ ಕಿವಿಗೆ 1,382 ಕೋಟಿ. ಒಂದು ಪ್ಲಗಿನ್ನಿಗೆ.

ಇದನ್ನು ಪಳಗಿಸಿದ್ದು ಗಣಿತ. 1965ರಲ್ಲಿ ಗಣಿತಜ್ಞರಾದ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ವೇಗದ ಫೂರಿಯರ್ ವಿಧಾನ ಬಳಸಿ, ಅನುರಣನವನ್ನು 128ರಂತೆ 1,125 ತುಂಡು ಮಾಡಿ ಗುಣಿಸಿದರೆ ಸೆಕೆಂಡಿಗೆ ಸುಮಾರು 22 ಕೋಟಿ ಗುಣಾಕಾರ ಸಾಕು, ಮೂವತ್ತರಲ್ಲಿ ಒಂದು ಪಾಲು. 1995ರಲ್ಲಿ ಸಂಶೋಧಕ ವಿಲಿಯಂ ಗಾರ್ಡ್ನರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಅನುರಣನದ ಆರಂಭಕ್ಕೆ ಸಣ್ಣ ತುಂಡುಗಳು, ಬಾಲಕ್ಕೆ ದೊಡ್ಡ ತುಂಡುಗಳು. ಎರಡು ಸೆಕೆಂಡಿನ ನಂತರ ಬರಬೇಕಾದ ಪ್ರತಿಧ್ವನಿಗೆ ಈಗಲೇ ಅವಸರವಿಲ್ಲ. ಆ ದೊಡ್ಡ ತುಂಡುಗಳ ಲೆಕ್ಕವನ್ನು ಇನ್ನೊಂದು ಕೋರ್ ಹಿಂದೆ ಕೂತು ನಿಧಾನವಾಗಿ ಮಾಡಿಕೊಡುತ್ತದೆ. ಒಂದೇ ದನಿಯ ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚಿದ ಇಷ್ಟು ಸೊಗಸಾದ ಇನ್ನೊಂದು ಉದಾಹರಣೆ ನನಗೆ ಕಂಡಿಲ್ಲ.

ಕ್ಯಾಸೆಟ್ ಕಾಲದಲ್ಲಿ ಮಳವಳ್ಳಿ ಮಹದೇವಸ್ವಾಮಿಯವರ ದನಿಯಲ್ಲಿ ಇಂಥ ಕಥೆಗಳು ಮನೆಮನೆಗೆ ಮುಟ್ಟಿದವು. ಅರವತ್ತು ನಿಮಿಷದ ಕ್ಯಾಸೆಟ್‌ನಲ್ಲಿ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಅರ್ಧ ಗಂಟೆ. ಒಂದು ಪೂರ್ತಿ ರಾತ್ರಿಗೆ ಎಂಟು ಕ್ಯಾಸೆಟ್, ಹದಿನಾರು ಮಗ್ಗುಲು ಬೇಕು. ಈಗ ಕಥೆಯನ್ನು ಮೊಟಕು ಮಾಡಲು ಯಂತ್ರದ ಕಾರಣ ಯಾವುದೂ ಉಳಿದಿಲ್ಲ. ಪೂರ್ತಿ ರಾತ್ರಿಯನ್ನು, ಪ್ರತಿ ವಾದ್ಯಕ್ಕೂ ಬೇರೆ ಮೈಕಿಟ್ಟು ಮುದ್ರಿಸಿಕೊಳ್ಳಬೇಕು ಎಂಬುದು ನನ್ನ ಆಸೆ. ಬೇರೆ ಬೇರೆ ಮೈಕ್ ಎಂದರೆ ಬೇರೆ ಬೇರೆ ಟ್ರ್ಯಾಕ್, ಅಂದರೆ ಕೋರ್‌ಗಳಿಗೆ ಹಂಚಲು ಬರುವ ಕೆಲಸ.

ಕೊನೆಯ ಪ್ರತಿ ತೆಗೆಯುವಾಗ ಗಡುವಿನ ಕಾಟವೂ ಇಲ್ಲ. ಯಾರೂ ಕೇಳುತ್ತಾ ಕೂತಿರುವುದಿಲ್ಲ, ಯಂತ್ರ ತನಗಾದಷ್ಟು ವೇಗದಲ್ಲಿ ಓಡಬಹುದು. ಆಗ ಕಥೆಯ ಕಟ್ಟೇ ನೆರವಿಗೆ ಬರುತ್ತದೆ. ಮಂಟೇಸ್ವಾಮಿ ಕಾವ್ಯ ಸಾಲುಗಳಾಗಿ, ಅಂದರೆ ಕಥಾಭಾಗಗಳಾಗಿ, ಒಡೆದುಕೊಂಡಿದೆ: ಕಲ್ಯಾಣ ಪಟ್ಟಣದ ಸಾಲು, ರಾಜಬೊಪ್ಪೇಗೌಡನ ಸಾಲು, ಕೆಂಪಾಚಾರಿ ಸಾಲು ಹೀಗೆ. ಒಂದು ಸಾಲಿನ ಮಿಕ್ಸಿಂಗ್ ಇನ್ನೊಂದಕ್ಕಾಗಿ ಕಾಯಬೇಕಿಲ್ಲ, ಒಂದೊಂದು ಸಾಲನ್ನು ಒಂದೊಂದು ಕೋರ್‌ಗೆ ಒಪ್ಪಿಸಬಹುದು. ಕತ್ತರಿ ಹಾಕುವ ಜಾಗವನ್ನು ಮಾತ್ರ ನೋಡಿ ಆರಿಸಬೇಕು. ಹಿಂದಿನ ಸಾಲಿನ ಅನುರಣನ ಪೂರ್ತಿ ಆರಲು 1,44,000 ಸ್ಯಾಂಪಲ್‌ಗಳಷ್ಟು ಜಾಗ ಬಿಡಬೇಕು. ಮುಂದಿನ ಸಾಲನ್ನು ಪದ ಶುರುವಾಗುವುದಕ್ಕೆ ಒಂದೆರಡು ಸೆಕೆಂಡ್ ಹಿಂದಿನ ತಂಬೂರಿಯ ಶ್ರುತಿಯಿಂದಲೇ ಓಡಿಸಬೇಕು, ಫಿಲ್ಟರ್ ಮತ್ತು ಕಂಪ್ರೆಸರ್‌ಗಳು ಕಥೆಗಾರನ ದನಿ ಬರುವ ಮುಂಚೆಯೇ ಹದಕ್ಕೆ ಬಂದಿರುವಂತೆ.