ಯಾರೂ ಏರದ ಶಿಖರದ ನಾಡು

ವಿಮಾನದ ರೆಕ್ಕೆಯ ಪಕ್ಕದಲ್ಲೇ ಬೆಟ್ಟ! ಕೆಳಗಲ್ಲ, ದೂರದಲ್ಲಲ್ಲ, ಪಕ್ಕದಲ್ಲೇ. ಬೆಟ್ಟದ ಮೇಲೊಂದು ಒಂಟಿ ಮನೆ, ಆ ಮನೆಯ ಮಾಡಿನ ಮೇಲೆ ಒಣಹಾಕಿದ ಕೆಂಪು ಮೆಣಸಿನಕಾಯಿ, ಅದರಾಚೆ ಗಾಳಿಗೆ ಪಟಪಟ ಬಡಿದುಕೊಳ್ಳುವ ಬಿಳಿ ಬಾವುಟಗಳ ಸಾಲು. ದೆಹಲಿಯಿಂದ ಹೊರಟು ಎಡಗಡೆಯ ಕಿಟಕಿ ಹಿಡಿದವರು ಅಷ್ಟು ಹೊತ್ತಿಗಾಗಲೇ ಎವರೆಸ್ಟನ್ನೂ ಕಾಂಚನಜುಂಗಾವನ್ನೂ ನೋಡಿ ಮಾತು ಮರೆತಿರುತ್ತಾರೆ. ಆದರೆ ಪಾರೋ ಕಣಿವೆಯ ಇಳಿತವೇ ಬೇರೆ. ವಿಮಾನ ಎಡಕ್ಕೆ ವಾಲುತ್ತದೆ, ಬಲಕ್ಕೆ ವಾಲುತ್ತದೆ, ಬೆಟ್ಟಗಳ ಸಂದಿಯಲ್ಲಿ ನುಸುಳುತ್ತದೆ, ಓಣಿ ಇನ್ನೇನು ಮುಗಿದೇಹೋಯಿತು ಅನ್ನುವಾಗ ಕೊನೆಯದೊಂದು ತಿರುವು ತೆಗೆದುಕೊಳ್ಳುತ್ತದೆ, ಮರುಕ್ಷಣವೇ ಗಾಲಿ ನೆಲಕ್ಕೆ! ಸಮುದ್ರಮಟ್ಟದಿಂದ ಸುಮಾರು 2,235 ಮೀಟರ್ ಎತ್ತರದ ಈ ನಿಲ್ದಾಣದಲ್ಲಿ ಪೈಲಟ್ ಬೆಟ್ಟಗಳನ್ನು ಕಣ್ಣಾರೆ ನೋಡಿಕೊಂಡೇ ಇಳಿಸಬೇಕು. ಇದಕ್ಕೆಂದೇ ತರಬೇತಿ ಪಡೆದ ಕೆಲವೇ ಪೈಲಟ್‌ಗಳಿಗೆ ಮಾತ್ರ ಅನುಮತಿ. ಬಾಗಿಲು ತೆರೆಯುತ್ತದೆ, ತಣ್ಣನೆಯ ಗಾಳಿ ಒಳನುಗ್ಗುತ್ತದೆ, ಕೆತ್ತನೆಯ ಮರದ ಕಿಟಕಿಗಳಿಗೆ ಬಣ್ಣ ಬಳಿದ, ದೇವಸ್ಥಾನವೋ ಅರಮನೆಯೋ ಎನಿಸುವ ಕಟ್ಟಡವೊಂದು ಎದುರಿಗಿದೆ. ಅದೇ ವಿಮಾನ ನಿಲ್ದಾಣ!

ಭೂತಾನ್. ಹೆಚ್ಚುಕಡಿಮೆ ಕೇರಳದಷ್ಟು ನೆಲ, ಎಂಟು ಲಕ್ಷದ ಆಸುಪಾಸಿನ ಜನ. ದಕ್ಷಿಣದ ಗಡಿಯಲ್ಲಿ ಆನೆ, ಹುಲಿಗಳ ಬೆಚ್ಚನೆಯ ತಗ್ಗುಕಾಡು. ಉತ್ತರದ ಗಡಿಯಲ್ಲಿ 7,000 ಮೀಟರ್ ದಾಟಿದ ಹಿಮಶಿಖರಗಳು, ಹಿಮಚಿರತೆಗಳ ನೆಲ. ಎರಡರ ನಡುವೆ ನೇರ ಗೆರೆ ಎಳೆದರೆ ಇನ್ನೂರು ಕಿಲೋಮೀಟರೂ ಇಲ್ಲ! ಹೊರಗಿನ ಪ್ರವಾಸಿಗರಿಗೆ ಈ ದೇಶ ಬಾಗಿಲು ತೆರೆದದ್ದು 1974ರಲ್ಲಿ. ಟೀವಿ, ಇಂಟರ್‌ನೆಟ್ ಬಂದದ್ದು 1999ರಲ್ಲಿ. ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಸಾಕು. ಒಂದು ರಾತ್ರಿಗೆ 1,200 ರೂಪಾಯಿ ಸರ್ಕಾರಕ್ಕೆ ಕಟ್ಟಬೇಕು. ಬೇರೆ ದೇಶದವರು ಕಟ್ಟುವ 100 ಡಾಲರಿನ ಮುಂದೆ ಇದು ಬಹಳ ಕಡಿಮೆ. ಅಲ್ಲಿಯ ಹಣ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ. ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಕೊಂಡರೆ ಲೆಕ್ಕಾಚಾರ ಮುಗಿಯಿತು. ಇನ್ನು ನೋಡುವುದೇ ಕೆಲಸ.

ಎಲ್ಲಿಂದ ಶುರುಮಾಡಲಿ? ತಕ್ತ್‌ಸಾಂಗ್ ಮಠದಿಂದಲೇ. ಪಾರೋ ಕಣಿವೆಯ ತಳದಲ್ಲಿ ನಿಂತು ಕತ್ತೆತ್ತಿದರೆ, ಸುಮಾರು 900 ಮೀಟರ್ ಮೇಲೆ, ಕಡಿದಾದ ಕಪ್ಪು ಬಂಡೆಯ ಎದೆಗೆ ಆತುಕೊಂಡಿರುವ ಬಿಳಿ ಗೋಡೆಗಳು, ಚಿನ್ನದ ಕಳಶಗಳು. ಅಲ್ಲಿಗೆ ಕಾಲಿಡಲು ಜಾಗವಾದರೂ ಎಲ್ಲಿದೆ? ಕಲ್ಲು ಹೊತ್ತವರು ಎಲ್ಲಿ ನಿಂತರು? ಮರ ಸಾಗಿಸಿದವರು ಯಾವ ದಾರಿಯಲ್ಲಿ ಹೋದರು? ನೀಲಿ ಪೈನ್ ಮರಗಳ ಕಾಡಿನೊಳಗೆ ಹತ್ತುತ್ತ ಹೋದಂತೆ ಆ ಮಠ ಕಾಣುತ್ತದೆ, ಮಾಯವಾಗುತ್ತದೆ, ಇನ್ನೊಂದು ತಿರುವಿನಲ್ಲಿ ಮತ್ತೆ ಕಾಣುತ್ತದೆ, ಪ್ರತಿ ಸಲವೂ ಇನ್ನಷ್ಟು ಅಸಾಧ್ಯವಾಗಿ! ದಾರಿಬದಿಯಲ್ಲಿ ತೊರೆಯ ನೀರೇ ತಿರುಗಿಸುವ ಪ್ರಾರ್ಥನಾ ಚಕ್ರ, ಅದು ಒಂದು ಸುತ್ತು ಬಂದಾಗಲೆಲ್ಲ ಟಿಣ್ ಎನ್ನುವ ಗಂಟೆ. ಓಕ್ ಮರಗಳ ಕೊಂಬೆಕೊಂಬೆಗೂ ಜಡೆಯಂತೆ ಇಳಿಬಿದ್ದ ಹಸಿರು ಕಲ್ಲುಹೂವು. ಅರ್ಧ ದಾರಿಯ ಚಹಾದಂಗಡಿಯವರೆಗೆ ಕುದುರೆ ಸಿಗುತ್ತದೆ. ಸಾಧ್ಯವಿದ್ದವರು ನಡೆದೇ ಹೋಗಿ, ಈ ಬೆಟ್ಟ ಉಸಿರಿನ ಮೂಲಕವೇ ಒಳಗಿಳಿಯಬೇಕು. ಕೊನೆಗೆ ಮಠಕ್ಕೆ ಸರಿಸಮನಾದ ಎತ್ತರದ ಕೋಡುಗಲ್ಲಿಗೆ ಬಂದು ನಿಲ್ಲುತ್ತೀರಿ. ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಆದರೆ ನಡುವೆ ಪ್ರಪಾತ! ನೂರಾರು ಮೆಟ್ಟಿಲು ಇಳಿದು, ಜಲಪಾತದ ತುಂತುರಿಗೆ ಮುಖವೊಡ್ಡಿ ಸೇತುವೆ ದಾಟಿ, ಮತ್ತೆ ಮೆಟ್ಟಿಲು ಹತ್ತಬೇಕು.

8ನೇ ಶತಮಾನದಲ್ಲಿ ಗುರು ಪದ್ಮಸಂಭವರು ಹೆಣ್ಣುಹುಲಿಯ ಬೆನ್ನೇರಿ ಹಾರಿಬಂದು ಇಳಿದದ್ದು ಈ ಬಂಡೆಯ ಗುಹೆಗೆ. ಮೂರು ವರ್ಷ, ಮೂರು ತಿಂಗಳು, ಮೂರು ದಿನ, ಮೂರು ಗಳಿಗೆ ಇಲ್ಲಿ ಧ್ಯಾನಕ್ಕೆ ಕುಳಿತರು ಎನ್ನುತ್ತದೆ ಐತಿಹ್ಯ. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠದ ಚಿನ್ನದ ದೇಗುಲದಲ್ಲಿ ಬುದ್ಧನ ಪಕ್ಕದಲ್ಲಿ, ತೆಳು ಮೀಸೆಯ, ಕಣ್ಣರಳಿಸಿ ನಮ್ಮನ್ನೇ ದಿಟ್ಟಿಸುವ ಎತ್ತರದ ವಿಗ್ರಹ ನೋಡಿದ್ದೀರಲ್ಲ? ಅವರೇ ಇವರು! ಆ ಮಠದಲ್ಲಿ ಓದುವ ಸನ್ಯಾಸಿಗಳಲ್ಲಿ ಭೂತಾನಿನವರೂ ಇದ್ದಾರೆ. ಕುಶಾಲನಗರದ ಪಕ್ಕದಲ್ಲಿ ಕಂಡ ಮುಖ ಹಿಮಾಲಯದ ಈ ಗುಹೆಯ ಬಾಗಿಲಲ್ಲಿ ಮತ್ತೆ ಕಂಡಾಗ ನನಗೆ ಮೈ ಜುಮ್ಮೆಂದಿತು. ಗುಹೆಯ ಸುತ್ತ ಮಠ ಎದ್ದದ್ದು 1692ರಲ್ಲಿ. 1998ರ ಬೆಂಕಿ ಅದನ್ನು ಸುಟ್ಟು ಕರಕಲಾಗಿಸಿತು. ಅದೇ ಬಂಡೆಯ ಅಂಚಿನಲ್ಲಿ ಮತ್ತೆ ಮರ ಕಡೆದು, ಗೋಡೆ ಎಬ್ಬಿಸಿ, ಚಿತ್ರ ಬರೆದು 2005ರಲ್ಲಿ ಮುಗಿಸಿದರು. ಮೊದಲ ಸಲ ಕಟ್ಟಿದ್ದೇ ಪವಾಡ ಅಂದುಕೊಳ್ಳುತ್ತೇವೆ, ಅದನ್ನು ಎರಡು ಸಲ ಮಾಡಿದವರು ಇವರು!

ಕಣಿವೆಗಿಳಿದರೆ ಕ್ಯಿಚು ಲಾಖಾಂಗ್, 7ನೇ ಶತಮಾನದ್ದು ಎನ್ನುವ ಪುಟ್ಟ ದೇಗುಲ. ಇದರ ಕತೆ ಕೇಳಿ. ಟಿಬೆಟ್ಟಿನ ಉದ್ದಗಲಕ್ಕೂ ಹಿಮಾಲಯಕ್ಕೂ ಮೈಚಾಚಿ ಒಬ್ಬಳು ರಾಕ್ಷಸಿ ಮಲಗಿದ್ದಳಂತೆ. ಧರ್ಮ ಬೇರೂರಲು ಅವಳು ಬಿಡಳು. ಟಿಬೆಟ್ಟಿನ ದೊರೆ ಸಾಂಗ್‌ಸೆನ್ ಗ್ಯಾಂಪೋ ಅವಳ ಮೈಮೇಲೆ ಅಲ್ಲಲ್ಲಿ 108 ದೇಗುಲ ಕಟ್ಟಿಸಿ ಅಲುಗದಂತೆ ಮಾಡಿದ. ಕ್ಯಿಚು ಇರುವುದು ಅವಳ ಎಡಪಾದದ ಮೇಲೆ! ಅಂಗಳದ ಕಿತ್ತಳೆ ಗಿಡದ ಕೆಳಗೆ ಜಪಮಣಿ ಎಣಿಸುತ್ತ ಕೂತ ಅಜ್ಜಿಯರನ್ನು ನೋಡುತ್ತ, ನಾನು ನಿಂತಿರುವುದು ಒಂದು ಪಾದದ ಮೇಲೆ ಎಂದು ನೆನೆದಾಗ ಕಾಲಡಿಯ ನೆಲವೇ ಬೇರೆಯಾಯಿತು. ಈ ದೇಶದಲ್ಲಿ ಬರೀ ಬೆಟ್ಟ, ಬರೀ ಹೊಳೆ ಅನ್ನುವುದೇ ಇಲ್ಲ. ಪ್ರತಿಯೊಂದರಲ್ಲೂ ಯಾರೋ ಇದ್ದಾರೆ. ಆ ಯಾರೋ ಒಬ್ಬರಿಗೆ ಜಾಗ ಬಿಟ್ಟೇ ಮನುಷ್ಯರು ಬದುಕುತ್ತಾರೆ.

ದೊಚುಲಾ ಕಣಿವೆದಾರಿಗೆ ಹೋದಾಗ ಅದು ಕಣ್ಣಿಗೇ ಕಾಣುತ್ತದೆ. ರಾಜಧಾನಿ ಥಿಂಪುವಿನಿಂದ ಪುನಾಖಾಕ್ಕೆ ಹೋಗುವ ರಸ್ತೆ ಸುಮಾರು 3,100 ಮೀಟರ್ ಏರಿ ಬೆಟ್ಟದ ನೆತ್ತಿ ದಾಟುವ ಜಾಗ ಇದು. ಒಂದು ದಿಬ್ಬದ ಮೇಲೆ 108 ಸ್ತೂಪಗಳು. 2003ರಲ್ಲಿ ದಕ್ಷಿಣದ ಕಾಡಿನಲ್ಲಿ ಬೀಡುಬಿಟ್ಟಿದ್ದ ಭಾರತದ ಬಂಡುಕೋರರ ವಿರುದ್ಧ ನಡೆದ ಸೇನಾ ಕಾರ್ಯಾಚರಣೆಯಲ್ಲಿ ಮಡಿದವರ ನೆನಪಿಗೆ ರಾಣಿ ಆಶಿ ದೋರ್ಜಿ ವಾಂಗ್ಮೋ ಕಟ್ಟಿಸಿದ್ದು. ಚಳಿಗಾಲದ ತಿಳಿ ಬೆಳಗಿನಲ್ಲಿ ಮೋಡ ಸರಿದರೆ ದಿಗಂತದುದ್ದಕ್ಕೂ ಹಿಮಾಲಯ! ಆ ಸಾಲಿನಲ್ಲಿ ಗಂಗ್‌ಖರ್ ಪುನ್ಸುಮ್ ಇದೆ, 7,570 ಮೀಟರ್. ಜಗತ್ತಿನಲ್ಲಿ ಮನುಷ್ಯ ಇನ್ನೂ ಏರದಿರುವ ಶಿಖರಗಳಲ್ಲೇ ಅತಿ ಎತ್ತರದ್ದು. 1980ರ ದಶಕದಲ್ಲಿ ಕೆಲವು ತಂಡಗಳು ಯತ್ನಿಸಿ ಸೋತು ಮರಳಿದವು. ಆಮೇಲೆ ಭೂತಾನವೇ ತೀರ್ಮಾನಿಸಿತು: 1994ರಲ್ಲಿ 6,000 ಮೀಟರ್ ಮೀರಿದ ಶಿಖರಗಳನ್ನು ಏರುವಂತಿಲ್ಲ, 2003ರಲ್ಲಿ ಪರ್ವತಾರೋಹಣವೇ ಬೇಡ. ಶಿಖರಗಳು ದೇವತೆಗಳ ನೆಲೆ, ಅಲ್ಲಿ ನಮಗೇನು ಕೆಲಸ? ಪರ್ವತಾರೋಹಿಗಳು ತರುವ ಹಣದ ಆಸೆಯನ್ನು ಒಂದು ದೇಶ ಹೀಗೆ ಬಿಟ್ಟುಕೊಟ್ಟದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಆ ಬಿಳುಪನ್ನು ನೋಡುತ್ತ ನಿಂತಾಗ, ಅದರ ನೆತ್ತಿಯ ಮೇಲೆ ಒಂದೇ ಒಂದು ಬೂಟಿನ ಗುರುತೂ ಬಿದ್ದಿಲ್ಲ ಎಂಬುದು ಹೊಳೆದರೆ, ಕಣ್ಣು ತೆಗೆಯಲಾಗುವುದಿಲ್ಲ.

ದೊಚುಲಾದಿಂದ ಇಳಿಜಾರು. ಚಳಿಗೆ ಮರಗಟ್ಟಿದ ಕೈ ನೋಡನೋಡುತ್ತ ಬೆಚ್ಚಗಾಗುತ್ತದೆ. ದೇವದಾರು ಕಾಡು ಹಿಂದೆ ಸರಿದು ಭತ್ತದ ಗದ್ದೆ ಬರುತ್ತದೆ, ಬಾಳೆ ಬರುತ್ತದೆ, ಕಿತ್ತಳೆ ಬರುತ್ತದೆ! ಸುಮಾರು 1,200 ಮೀಟರ್ ಎತ್ತರದ ಪುನಾಖಾದಲ್ಲಿ ಎರಡು ನದಿಗಳು ಸೇರುತ್ತವೆ: ಫೋ ಛು, ಮೋ ಛು, ಅಪ್ಪ ನದಿ, ಅಮ್ಮ ನದಿ. ಅವುಗಳ ನಡುವಿನ ನಾಲಗೆಯಂಥ ನೆಲದ ಮೇಲೆ ಪುನಾಖಾ ಜೋಂಗ್. ಕೋಟೆ, ಮಠ, ಕಚೇರಿ, ಮೂರೂ ಒಂದೇ ಗೋಡೆಯೊಳಗಿರುವ ಇಂಥ ಕಟ್ಟಡಗಳು ಭೂತಾನಿನ ಹಲವು ಕಣಿವೆಗಳಲ್ಲಿ ಇವೆ, ಆದರೆ ಇದರ ಚೆಲುವು ಇದಕ್ಕೇ. 1616ರಲ್ಲಿ ಟಿಬೆಟ್ಟಿನಿಂದ ಬಂದು ಚೆದುರಿದ ಕಣಿವೆಗಳನ್ನೆಲ್ಲ ಒಂದು ದೇಶವಾಗಿ ಕಟ್ಟಿದ ಶಬ್‌ದ್ರುಂಗ್ ನಗವಾಂಗ್ ನಾಮ್‌ಗ್ಯಾಲ್ 1637ರಲ್ಲಿ ಇದನ್ನು ಕಟ್ಟಿಸತೊಡಗಿದರು. ಮಲಗಿದ ಆನೆಯಂಥ ಬೆಟ್ಟದ ಬಳಿಗೆ ನಾಮ್‌ಗ್ಯಾಲ್ ಎಂಬ ಹೆಸರಿನವನು ಬರುತ್ತಾನೆ ಎಂದು ಪದ್ಮಸಂಭವರು ಶತಮಾನಗಳ ಹಿಂದೆಯೇ ಹೇಳಿದ್ದರಂತೆ. ಜೋಂಗ್ ನಿಂತಿರುವುದು ಆ ಆನೆಯ ಸೊಂಡಿಲ ತುದಿಯಲ್ಲಿ. ಕಟ್ಟಿದ ಬಡಗಿಯನ್ನು ಶಬ್‌ದ್ರುಂಗ್ ಅವರು ಗುರು ಪದ್ಮಸಂಭವರ ವಿಗ್ರಹದೆದುರು ಮಲಗಿಸಿದರು, ಕನಸಿನಲ್ಲಿ ಅವನು ಗುರುವಿನ ಸ್ವರ್ಗದ ಅರಮನೆ ನೋಡಿ ಬಂದ, ಎದ್ದವನು ನಕ್ಷೆಯನ್ನೂ ಬರೆಯದೆ ಅದನ್ನೇ ಇಲ್ಲಿ ನಿಲ್ಲಿಸಿದ ಎನ್ನುತ್ತಾರೆ. ಒಳಗೆ ಹೋಗಿ ಆ ಚಿನ್ನದ ಕಂಬಗಳನ್ನು ನೋಡಿದ ಮೇಲೆ ಕನಸಿನ ಮಾತನ್ನು ನಂಬದಿರುವುದೇ ಕಷ್ಟ.

ಇಲ್ಲಿಯ ಇತಿಹಾಸವೂ ಐತಿಹ್ಯಕ್ಕಿಂತ ಕಡಿಮೆಯಲ್ಲ. ಶಬ್‌ದ್ರುಂಗ್ 1651ರಲ್ಲಿ ಇದೇ ಜೋಂಗ್‌ನಲ್ಲಿ ತೀರಿಕೊಂಡರು. ಆದರೆ ದೇಶಕ್ಕೆ ಅದು ಗೊತ್ತಾಗಲಿಲ್ಲ. ಅವರು ಏಕಾಂತ ಧ್ಯಾನದಲ್ಲಿದ್ದಾರೆ ಎಂದೇ ಸುದ್ದಿ. ಊಟ ಒಳಗೆ ಹೋಗುತ್ತಿತ್ತು, ಅವರ ಹೆಸರಿನಲ್ಲಿ ಆಜ್ಞೆಗಳು ಹೊರಬರುತ್ತಿದ್ದವು. ಅರ್ಧ ಶತಮಾನ! ಅಷ್ಟು ಕಾಲ ಹೊಸ ದೇಶವೊಂದು ಒಡೆಯದಿರಲೆಂದು ಒಂದು ಸಾವನ್ನು ಗುಟ್ಟಾಗಿಟ್ಟರು. ಅವರ ದೇಹ ಇಂದಿಗೂ ಇದೇ ಜೋಂಗ್‌ನೊಳಗಿನ ಗುಡಿಯಲ್ಲಿದೆ. 1907ರ ಡಿಸೆಂಬರ್ 17ರಂದು ಮೊದಲ ದೊರೆ ಉಗ್ಯೆನ್ ವಾಂಗ್‌ಚುಕ್ ಪಟ್ಟವೇರಿದ್ದು ಇಲ್ಲಿ. ಈಗಿನ ದೊರೆಯ ಮದುವೆ 2011ರಲ್ಲಿ ನಡೆದದ್ದು ಇಲ್ಲಿ. ಚಳಿಗಾಲ ಬಂತೆಂದರೆ ಮುಖ್ಯ ಗುರುಗಳೂ ಸನ್ಯಾಸಿ ಸಮೂಹವೂ ಥಿಂಪು ಬಿಟ್ಟು ಬರುವುದು ಇಲ್ಲಿಗೆ. ಮೇಲಿನ ಹಿಮನದಿಯ ಸರೋವರ 1994ರ ಅಕ್ಟೋಬರಿನಲ್ಲಿ ಒಡೆದು, ಪ್ರವಾಹ ನುಗ್ಗಿ, ಜೀವಗಳನ್ನು ಕೊಚ್ಚಿ ಒಯ್ದು ಜೋಂಗ್‌ಗೂ ಪೆಟ್ಟು ಕೊಟ್ಟಿತು. ಹಿಮ ಕರಗುತ್ತಿರುವ ಈ ಕಾಲದಲ್ಲಿ ಆ ಭಯ ಹೋಗಿಲ್ಲ. ಜಕರಂದಾ ಹೂಬಿಟ್ಟ ವಸಂತದಲ್ಲಿ ಮರದ ಸೇತುವೆಯ ಮೇಲೆ ನಿಂತು, ಬಿಳಿ ಗೋಡೆಯ ಮುಂದೆ ಆ ನೇರಳೆ ಬಣ್ಣ ನೋಡುವಾಗಲೂ ಕಿವಿಯಲ್ಲಿ ನದಿಯ ಸದ್ದು ಇದ್ದೇ ಇರುತ್ತದೆ.

ಥಿಂಪುವನ್ನು ಬೇಗ ದಾಟಿಬಿಡೋಣ. ಅಲ್ಲಿ 51 ಮೀಟರಿಗೂ ಎತ್ತರದ ಬುದ್ಧ ಬೆಟ್ಟದ ಮೇಲೆ ಕುಳಿತಿದ್ದಾನೆ, ಆ ಒಂದು ವಿಗ್ರಹದೊಳಗೆ 1,25,000 ಪುಟ್ಟ ಬುದ್ಧರು! ಮುಖ್ಯ ವೃತ್ತದಲ್ಲಿ ಸಿಗ್ನಲ್ ದೀಪ ಹಾಕಿದ್ದರಂತೆ, ಜನಕ್ಕೆ ಹಿಡಿಸಲಿಲ್ಲ, ತೆಗೆದರು. ಬಿಳಿ ಕೈಗವಸಿನ ಪೊಲೀಸನ ಕೈಸನ್ನೆಯೇ ಇಂದಿಗೂ ಸಾಕು. ಮೈದಾನದಲ್ಲಿ ಬಿಲ್ಲುಗಾರಿಕೆ ನಡೆದಿದ್ದರೆ ಖಂಡಿತ ನಿಲ್ಲಿ. ಒಲಿಂಪಿಕ್ಸ್‌ನಲ್ಲಿ ಗುರಿಹಲಗೆ 70 ಮೀಟರ್ ದೂರ, ಇಲ್ಲಿ ಅದರ ಎರಡರಷ್ಟು! ಬಾಣ ನಾಟಿದರೆ ತಂಡವೆಲ್ಲ ಸಾಲಾಗಿ ಹಾಡಿ ಕುಣಿಯುತ್ತದೆ. ಇನ್ನು ಟಾಕಿನ್, ಆಡಿನ ತಲೆ, ಹಸುವಿನ ಮೈಯ ರಾಷ್ಟ್ರೀಯ ಪ್ರಾಣಿ. ಊಟ ಮುಗಿಸಿದ ದ್ರುಕ್ಪಾ ಕುನ್ಲೆ ಎಂಬ ಸಂತ, ತಿಂದುಳಿದ ಹಸುವಿನ ಎಲುಬಿಗೆ ಆಡಿನ ಬುರುಡೆ ಸಿಕ್ಕಿಸಿ ಜೀವ ಕೊಟ್ಟನಂತೆ. ಮೃಗಾಲಯದಲ್ಲಿ ಪ್ರಾಣಿಗಳನ್ನು ಕೂಡಿಡುವುದು ಸರಿಯಲ್ಲವೆಂದು ಅವನ್ನು ಬಿಟ್ಟರೆ, ಅವು ಕಾಡಿಗೇ ಹೋಗದೆ ಥಿಂಪುವಿನ ಬೀದಿಗಳಲ್ಲಿ ಮೇಯುತ್ತ ಉಳಿದವು. ಕೊನೆಗೆ ಅವುಗಳಿಗೆಂದೇ ಒಂದು ಕಾಡು ಬೇಲಿ ಹಾಕಿ ಕೊಟ್ಟರು.

ಊಟಕ್ಕೆ ಕೆಂಪಕ್ಕಿ ಅನ್ನ, ಎಮಾ ದತ್ಶಿ. ಮೆಣಸಿನಕಾಯಿ ಇಲ್ಲಿ ಒಗ್ಗರಣೆಗಲ್ಲ, ಅದೇ ತರಕಾರಿ, ಚೀಸಿನಲ್ಲಿ ಬೇಯಿಸಿದ್ದು! ಊಟದ ಮೇಲೆ ದೋಮಾ: ಹಸಿ ಅಡಿಕೆ, ವೀಳ್ಯದೆಲೆ, ಸುಣ್ಣ. ನಮ್ಮ ಮಲೆನಾಡಿನ ಬಾಯಿಗೆ ಪರಿಚಯದ್ದೇ, ಆದರೆ ಚಳಿಯಲ್ಲಿ ಆ ಹಸಿ ಅಡಿಕೆ ಮೈಯನ್ನೆಲ್ಲ ಕಾಯಿಸಿಬಿಡುತ್ತದೆ. ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಲು ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿದಾಗ ನಮ್ಮ ಬೆಳೆಗಾರರು ಆತಂಕಗೊಂಡದ್ದು ನೆನಪಿರಬಹುದು. ಆ ಆತಂಕ ನಿಜವಾದದ್ದೇ. ಆದರೆ ಆ ಅಡಿಕೆಯ ಹಿಂದೆ, ಅತಿಥಿ ಬಂದಾಗ ನಮ್ಮಂತೆಯೇ ಮೊದಲು ಎಲೆ ಅಡಿಕೆ ಮುಂದಿಡುವ ಜನ ಇದ್ದಾರೆ.

ಫೋಬ್‌ಜಿಖಾಕ್ಕೆ ಹೋಗದೆ ಮರಳಬೇಡಿ! ಹಿಮನದಿ ಕೊರೆದು ಬಿಟ್ಟ ಅಗಲವಾದ ಬಟ್ಟಲಿನಂಥ ಕಣಿವೆ, ಸುಮಾರು 3,000 ಮೀಟರ್ ಎತ್ತರದಲ್ಲಿ. ಅಕ್ಟೋಬರ್ ಕೊನೆಯಿಂದ ಕಪ್ಪು ಕತ್ತಿನ ಕೊಕ್ಕರೆಗಳು ಟಿಬೆಟ್ಟಿನಿಂದ ಹಿಮಾಲಯ ದಾಟಿ ಬರುತ್ತವೆ. ಬಂದಾಗ ಒಮ್ಮೆ, ಹೊರಡುವಾಗ ಒಮ್ಮೆ ದಿಬ್ಬದ ಮೇಲಿನ ಗಂಗ್ತೆ ಮಠಕ್ಕೆ ಮೂರು ಸುತ್ತು ಹಾಕುತ್ತವೆ ಎಂದು ಊರವರು ನಂಬುತ್ತಾರೆ. ನವೆಂಬರ್ 11ಕ್ಕೆ ಮಠದಂಗಳದಲ್ಲಿ ಅವುಗಳದೇ ಹಬ್ಬ, ಮಕ್ಕಳು ಕೊಕ್ಕರೆಯ ವೇಷ ತೊಟ್ಟು ಕುಣಿಯುತ್ತಾರೆ. ಈಗ ಕಣಿವೆಯ ಮೇಲಿನ ಆಕಾಶ ನೋಡಿ. ಏನೋ ಇಲ್ಲ ಅನಿಸುವುದಿಲ್ಲವೇ? ತಂತಿಗಳಿಲ್ಲ! ಹಾರುವ ಹಕ್ಕಿಗೆ ತಗುಲಬಾರದೆಂದು ವಿದ್ಯುತ್ ತಂತಿಯನ್ನು ನೆಲದಡಿಯಲ್ಲಿ ಎಳೆದಿದ್ದಾರೆ. ಕಾಡು ಎಂದೆಂದಿಗೂ ನೆಲದ ಶೇಕಡಾ 60ಕ್ಕಿಂತ ಕಡಿಮೆಯಾಗಬಾರದು ಎಂದು 2008ರ ಸಂವಿಧಾನದಲ್ಲೇ ಬರೆದುಕೊಂಡ ದೇಶವಲ್ಲವೇ, ಹಕ್ಕಿಗೆ ಆಕಾಶ ಬಿಟ್ಟುಕೊಡುವುದು ಅವರಿಗೆ ಸಹಜ. ನಾವು ಕಣ್ತುಂಬಿಕೊಳ್ಳುವ ಈ ಸೌಂದರ್ಯದಲ್ಲಿ ಎಷ್ಟೊಂದು ಭಾಗ ಅವರು ಬೇಕೆಂದೇ ಮಾಡದೆ ಬಿಟ್ಟದ್ದು!

ಇಷ್ಟೆಲ್ಲ ನೋಡಿದರೂ ದೇಶದ ಪಶ್ಚಿಮದ ಒಂದು ಮೂಲೆ ಮಾತ್ರ ಮುಗಿದಿರುತ್ತದೆ. ಬುಮ್ತಾಂಗ್ ಇದೆ, ಟ್ರೋಂಗ್ಸಾ ಇದೆ, ಅದರಾಚೆ ಇಡೀ ಪೂರ್ವವೇ ಇದೆ. 1960ರ ದಶಕದಲ್ಲಿ ಮೋಟಾರು ರಸ್ತೆ ಬರುವ ಮೊದಲು ಓಲೆಕಾರರು, ಸನ್ಯಾಸಿಗಳು, ವ್ಯಾಪಾರಿಗಳು ಈ ಕಣಿವೆಗಳನ್ನೆಲ್ಲ ದಾಟುತ್ತಿದ್ದ ಕಾಲುದಾರಿಯೊಂದಿತ್ತು, ಪಶ್ಚಿಮದ ಹಾ ಕಣಿವೆಯಿಂದ ಪೂರ್ವದ ತ್ರಾಶಿಗಾಂಗ್‌ವರೆಗೆ, 403 ಕಿಲೋಮೀಟರ್. ಕಾರು ಬಂದ ಮೇಲೆ ಅದರ ಮೇಲೆ ಗಿಡಗಂಟಿ ಬೆಳೆಯಿತು, ಮೆಟ್ಟಿಲು ಕುಸಿದವು, ಸೇತುವೆ ಮುರಿದವು. ಅದನ್ನೆಲ್ಲ ಕಡಿದು, ಕಟ್ಟಿ, ಸರಿಪಡಿಸಿ 2022ರಲ್ಲಿ ಮತ್ತೆ ತೆರೆದಿದ್ದಾರೆ. ಅಷ್ಟೂ ದಾರಿ ನಡೆಯಲು ಒಂದು ತಿಂಗಳಿಗಿಂತ ಹೆಚ್ಚು ಬೇಕು. ಒಂದು ತುಂಡು ನಡೆಯಲು ಒಂದೇ ದಿನ ಸಾಕು, ದೊಚುಲಾದಿಂದ ಪುನಾಖಾ ಕಡೆಗೆ ಇಳಿಯುವ ತುಂಡಾದರೂ ಸರಿ. ಶಿಖರಗಳಿಗೆ ಹೋಗಬೇಡಿ ಎನ್ನುವ ದೇಶ ಈ ದಾರಿಯಲ್ಲಿ ಬನ್ನಿ ಎಂದು ತಾನಾಗಿ ಕರೆಯುತ್ತಿದೆ. ಮಾರ್ಚ್‌ನಿಂದ ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳ್ಳೆಯ ಕಾಲ. ಗಟ್ಟಿ ಬೂಟು ಹಾಕಿಕೊಂಡು ಹೋಗಿ!