ಕ್ರೀಡಾ ತರಬೇತುದಾರರ ಪೂರ್ವಾಪರ ಪರಿಶೀಲನೆ: ಅಕಾಡೆಮಿಗಳ ಹೊಣೆ ಏನು?

ಬೇಸಿಗೆ ರಜೆ ಬಂತೆಂದರೆ ನಗರಗಳ ಬಡಾವಣೆಗಳಲ್ಲಿ ಕ್ರಿಕೆಟ್, ಈಜು, ಬ್ಯಾಡ್ಮಿಂಟನ್, ಸ್ಕೇಟಿಂಗ್ ಶಿಬಿರಗಳ ಫಲಕಗಳು ಕಾಣಿಸಿಕೊಳ್ಳುತ್ತವೆ. ಶುಲ್ಕ ಎಷ್ಟು, ಸಮಯ ಯಾವುದು ಎಂದು ವಿಚಾರಿಸುವ ಪೋಷಕರು ತರಬೇತುದಾರರ ಪೂರ್ವಾಪರ ಕೇಳಲು ಸಂಕೋಚಪಡುವುದುಂಟು. ಸಂಕೋಚಕ್ಕೆ ಕಾರಣವಿಲ್ಲ. ಆ ಪೂರ್ವಾಪರವನ್ನು ಪರಿಶೀಲಿಸುವುದು ಅಕಾಡೆಮಿಯ ಕಾನೂನುಬದ್ಧ ಕರ್ತವ್ಯ.

ಕಾನೂನು ಏನು ಹೇಳುತ್ತದೆ?

ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ (ಪೋಕ್ಸೊ) 2012ರ ನವೆಂಬರ್ 14ರಂದು ಜಾರಿಗೆ ಬಂದಿತು. 18 ವರ್ಷದೊಳಗಿನ ಎಲ್ಲರೂ, ಬಾಲಕರೂ ಸೇರಿದಂತೆ, ಇದರ ರಕ್ಷಣೆಗೆ ಒಳಪಡುತ್ತಾರೆ. ಈ ಕಾಯ್ದೆಯಡಿ 2020ರ ಮಾರ್ಚ್‌ನಲ್ಲಿ ಜಾರಿಗೆ ಬಂದ ನಿಯಮಗಳು ಶಾಲೆ, ಶಿಶುವಿಹಾರಗಳ ಜತೆಗೆ ಕ್ರೀಡಾ ಅಕಾಡೆಮಿಗಳನ್ನೂ ಹೆಸರಿಸಿವೆ. ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿಯೊಬ್ಬ ಸಿಬ್ಬಂದಿಯ ಬಗ್ಗೆ, ಕಾಯಂ ಇರಲಿ, ಗುತ್ತಿಗೆ ಇರಲಿ, ಪೊಲೀಸ್ ಪರಿಶೀಲನೆ ಹಾಗೂ ಹಿನ್ನೆಲೆ ತಪಾಸಣೆ ನಡೆಸಬೇಕು. ಒಮ್ಮೆ ಮಾಡಿ ಕೈಬಿಡುವಂತಿಲ್ಲ, ಕಾಲಕಾಲಕ್ಕೆ ಮಾಡಬೇಕು. ಮಕ್ಕಳ ಸುರಕ್ಷತೆ ಕುರಿತು ಸಿಬ್ಬಂದಿಗೆ ನಿಯತವಾಗಿ ತರಬೇತಿಯನ್ನೂ ಕೊಡಿಸಬೇಕು.

ಕರ್ನಾಟಕದಲ್ಲಿ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು.

ಸ್ವಯಂಸೇವಕರ ಮಾತೇನು?

ನಿಯಮದ ಒಕ್ಕಣೆ ‘ಸಿಬ್ಬಂದಿ’ ಮತ್ತು ‘ನೌಕರ’ರ ಸುತ್ತಲೇ ಇದೆ. ಸಂಬಳವಿಲ್ಲದೆ ನೆರವಾಗುವ ಹಿರಿಯ ಆಟಗಾರ, ಪಂದ್ಯಾವಳಿಗೆ ತಂಡವನ್ನು ಕರೆದೊಯ್ಯುವ ಪೋಷಕ, ಸ್ಕೋರ್ ಬರೆಯಲು ಬರುವ ಪರಿಚಿತರ ಬಗ್ಗೆ ಅಲ್ಲಿ ಪ್ರತ್ಯೇಕ ಉಲ್ಲೇಖವಿಲ್ಲ. ಆದರೆ ಮಕ್ಕಳ ಒಡನಾಟ ಇವರಿಗೂ ಅಷ್ಟೇ ನಿಕಟ. ಆದ್ದರಿಂದ ನಿಯಮದ ಅಕ್ಷರಕ್ಕೆ ಕಾಯದೆ ಇವರನ್ನೂ ಪರಿಶೀಲನೆಗೆ ಒಳಪಡಿಸುವುದು ವಿವೇಕದ ಕ್ರಮ.

ಇಂಗ್ಲೆಂಡಿನಲ್ಲಿ ಕ್ಲಬ್‌ಗಳು ಈ ವ್ಯತ್ಯಾಸವನ್ನು ಎಣಿಸುವುದಿಲ್ಲ. ಮಕ್ಕಳಿಗೆ ನಿಯತವಾಗಿ ತರಬೇತಿ ನೀಡುವವರ ಅಪರಾಧ ದಾಖಲೆ ಮತ್ತು ನಿಷೇಧಿತರ ಪಟ್ಟಿಯನ್ನು 2012ರಲ್ಲಿ ರಚನೆಯಾದ ಸರ್ಕಾರಿ ಸಂಸ್ಥೆಯೊಂದರ ಮೂಲಕ ಪರಿಶೀಲಿಸಲಾಗುತ್ತದೆ. ಸ್ವಯಂಸೇವಕರಿಗೆ ಈ ಸರ್ಕಾರಿ ಶುಲ್ಕದಿಂದ ವಿನಾಯಿತಿಯಿದೆ.

ಪ್ರಮಾಣಪತ್ರದ ಮಿತಿ

ಪೊಲೀಸ್ ಪರಿಶೀಲನೆ ಅಗತ್ಯ, ಆದರೆ ಅದೊಂದೇ ಸಾಲದು. ಹಿಂದೆ ದೂರು ದಾಖಲಾದವರನ್ನು ಮಾತ್ರ ಅದು ಗುರುತಿಸಬಲ್ಲದು. ಮನೆಯವರು ಮರ್ಯಾದೆಗೆ ಅಂಜಿ ಸುಮ್ಮನಾದ ಪ್ರಕರಣ, ಸಂಸ್ಥೆಯೊಂದು ರಾಜೀನಾಮೆ ಪಡೆದು ಸದ್ದಿಲ್ಲದೆ ಮುಗಿಸಿದ ಪ್ರಕರಣ ಯಾವ ಕಡತದಲ್ಲೂ ಇರುವುದಿಲ್ಲ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಭಂಡಾರ 2018ರಲ್ಲಿ ಆರಂಭವಾಯಿತಾದರೂ, ಅದು ತನಿಖಾ ಸಂಸ್ಥೆಗಳ ಬಳಕೆಗಷ್ಟೇ ಮೀಸಲು, ಸಾರ್ವಜನಿಕರು ನೋಡುವಂತಿಲ್ಲ.

ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್ ಪ್ರಕರಣ ಇದಕ್ಕೆ ದೊಡ್ಡ ನಿದರ್ಶನ. 1990ರ ದಶಕದಲ್ಲೇ ಬಾಲಕಿಯರು ವಿಷಯವನ್ನು ಹಿರಿಯರ ಕಿವಿಗೆ ಹಾಕಿದ್ದರೂ, ಆತನ ಮೇಲೆ ಮೊಕದ್ದಮೆ ದಾಖಲಾದದ್ದು 2016ರಲ್ಲಿ. ಅಲ್ಲಿಯವರೆಗೆ ಅಪರಾಧ ದಾಖಲೆಯ ತಪಾಸಣೆ ಎಷ್ಟು ಬಾರಿ ನಡೆದಿದ್ದರೂ ಫಲ ಸಿಗುತ್ತಿರಲಿಲ್ಲ. 2018ರ ಜನವರಿಯಲ್ಲಿ ಮಿಷಿಗನ್ ನ್ಯಾಯಾಲಯ ಆತನಿಗೆ 40ರಿಂದ 175 ವರ್ಷಗಳ ಸೆರೆವಾಸ ವಿಧಿಸಿತು. ಮರು ತಿಂಗಳೇ ಜಾರಿಗೆ ಬಂದ ಕಾಯ್ದೆ, ಅನುಮಾನ ಬಂದ 24 ಗಂಟೆಗಳೊಳಗೆ ವರದಿ ಮಾಡುವುದನ್ನು ಒಲಿಂಪಿಕ್ ಕ್ರೀಡಾ ವ್ಯವಸ್ಥೆಯ ವಯಸ್ಕರಿಗೆ ಕಡ್ಡಾಯಗೊಳಿಸಿತು.

ದಿನನಿತ್ಯದ ಕಟ್ಟುಪಾಡು

ಅಮೆರಿಕ ಈ ಅನುಭವದಿಂದ ರೂಪಿಸಿಕೊಂಡ ಕಟ್ಟುಪಾಡುಗಳು ಸರಳವಾಗಿವೆ. ವಯಸ್ಕರೊಬ್ಬರು ಮಗುವಿನೊಂದಿಗೆ ಒಬ್ಬರೇ ಇರಬೇಕಾಗಿ ಬಂದರೆ, ಅದು ಇತರರ ಕಣ್ಣಿಗೆ ಕಾಣುವಂತೆಯೂ ಯಾರಾದರೂ ನಡುವೆ ಪ್ರವೇಶಿಸಲು ಸಾಧ್ಯವಾಗುವಂತೆಯೂ ಇರಬೇಕು. ಮೊಬೈಲ್ ಸಂದೇಶಗಳಲ್ಲಿ ಪೋಷಕರು ಅಥವಾ ಇನ್ನೊಬ್ಬ ವಯಸ್ಕರು ಸೇರಿರಬೇಕು. ವಾಹನ ಪ್ರಯಾಣ, ಹೋಟೆಲ್ ವಾಸ್ತವ್ಯ, ಉಡುಪು ಬದಲಿಸುವ ಕೊಠಡಿ, ಮಸಾಜ್ ಇವಕ್ಕೂ ಪ್ರತ್ಯೇಕ ನಿಯಮಗಳಿವೆ.

ಈಜು, ಜಿಮ್ನಾಸ್ಟಿಕ್ಸ್, ಕುಸ್ತಿಯಂತಹ ಕ್ರೀಡೆಗಳಲ್ಲಿ ಭಂಗಿ ತಿದ್ದಲು ಮೈ ಮುಟ್ಟುವುದು ಅನಿವಾರ್ಯ. ಏಕೆ ಮುಟ್ಟುತ್ತಿದ್ದೇನೆಂದು ಮಗುವಿಗೆ ಮೊದಲೇ ಹೇಳಿ, ಎಲ್ಲರೆದುರು ಮಾಡಿದರೆ ಗೊಂದಲಕ್ಕೆ ಎಡೆಯಿಲ್ಲ. ಇಂತಹ ಕಟ್ಟುಪಾಡು ಪ್ರಾಮಾಣಿಕ ತರಬೇತುದಾರನಿಗೂ ರಕ್ಷಣೆ.

ಮುಚ್ಚಿಡುವುದೂ ಅಪರಾಧ

ಅಪರಾಧ ನಡೆದಿರುವುದು ಅಥವಾ ನಡೆಯುವ ಸಂಭವವಿರುವುದು ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದನ್ನು ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರತಿಯೊಬ್ಬರಿಗೂ ಕಡ್ಡಾಯ ಮಾಡಿದೆ. ತಪ್ಪಿದರೆ 21ನೇ ಕಲಂ ಅನ್ವಯ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಕೈಕೆಳಗಿನ ಸಿಬ್ಬಂದಿಯ ಕೃತ್ಯವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡವಿದೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವುದೇ ಮೊಕದ್ದಮೆ ಹೂಡುವಂತಿಲ್ಲ. ‘ಅಕಾಡೆಮಿಯ ಹೆಸರು ಕೆಡುತ್ತದೆ, ಒಳಗೇ ಬಗೆಹರಿಸೋಣ’ ಎಂಬ ಸಲಹೆಗೆ ಹೀಗಾಗಿ ಕಾನೂನಿನಲ್ಲಿ ಜಾಗವಿಲ್ಲ.

ದೂರು ನೀಡಿದರೆ ಮಗು ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆಂಬ ಭಯವೂ ಬೇಡ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಸ್ಥಳದಲ್ಲಿ, ಸಮವಸ್ತ್ರ ಧರಿಸದ ಅಧಿಕಾರಿ ದಾಖಲಿಸಿಕೊಳ್ಳಬೇಕು. ಮಗುವಿನ ಗುರುತು ಬಹಿರಂಗಪಡಿಸುವುದನ್ನು ಕಾಯ್ದೆ ನಿಷೇಧಿಸಿದೆ.

ಪೋಷಕರು ಕೇಳಬೇಕಾದದ್ದು

ಅಕಾಡೆಮಿಗೆ ಸೇರಿಸುವ ಮುನ್ನ ಈ ಪ್ರಶ್ನೆಗಳನ್ನು ಕೇಳಬಹುದು:

* ತರಬೇತುದಾರರ ಹಾಗೂ ಸಹಾಯಕರ ಪೊಲೀಸ್ ಪರಿಶೀಲನೆ ಕೊನೆಯ ಬಾರಿ ನಡೆದದ್ದು ಯಾವಾಗ?
* ಅವರು ಹಿಂದೆ ಕೆಲಸ ಮಾಡಿದ ಸಂಸ್ಥೆಯನ್ನು ವಿಚಾರಿಸಲಾಗಿದೆಯೇ?
* ಮಕ್ಕಳ ರಕ್ಷಣಾ ನೀತಿ ಲಿಖಿತವಾಗಿದೆಯೇ? ದೂರು ಯಾರಿಗೆ ಕೊಡಬೇಕು?
* ಪೋಷಕರು ಅಭ್ಯಾಸ ವೀಕ್ಷಿಸಬಹುದೇ?
* ಹೊರ ಊರಿನ ಪಂದ್ಯಗಳಿಗೆ ಜತೆಯಲ್ಲಿ ಹೋಗುವವರು ಯಾರು? ಮಕ್ಕಳ ಕೊಠಡಿ ಪ್ರತ್ಯೇಕವೇ?

ಇವುಗಳಿಗೆ ಸಿಡುಕಿನ ಉತ್ತರ ಬಂದರೆ ಬೇರೆ ಅಕಾಡೆಮಿ ಹುಡುಕುವುದು ಲೇಸು. ಆಟವೆಂದರೆ ಪ್ರಾಣ ಬಿಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಅಭ್ಯಾಸಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿದರೆ, ಸೋಮಾರಿತನವೆಂದು ಗದರುವ ಮೊದಲು ಬಳಿ ಕೂರಿಸಿಕೊಂಡು ಮಾತನಾಡಿಸಬೇಕು. ನೆರವಿಗೆ ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬಹುದು.